ಮುಳ್ಳು ಶಾರ್ಕಿನ ಮುನಿಯಪ್ಪನವರು

ಮುನಿಯಪ್ಪನವರು ಬೆಳಿಗ್ಗೆ ಬಂದವರೇ ಮೊದಲು ಮುಳ್ಳು ಶಾರ್ಕಿನ ಜಾಡಿಯ ಮುಚ್ಚಳ ಮೂಸುತ್ತಿದ್ದರು. ಶಾರ್ಕು ಕೆಡದಂತೆ ತುಂಬಿದ್ದ ಫಾರ್ಮಲಿನ್ ವಾಸನೆ ಬಂದರೆ ಮುಚ್ಚಳದ ಸುತ್ತಲ ಮೇಣ ಬಿರುಕು ಬಿಟ್ಟಿದೆ ಎಂದರ್ಥ. ಬರದಿದ್ದರೆ ಕನ್ನಡಕ ಏರಿಸಿ, ಗಾಜಿಗೆ ತಾವೇ ಅಂಟಿಸಿದ್ದ ಪ್ಲಾಸ್ಟರ್ ಪಟ್ಟಿಯವರೆಗೆ ದ್ರವ ಇದೆಯೇ ಎಂದು ಒಮ್ಮೆ ನೋಡಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಬಸವನಗುಡಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿಗೆ ಅವರು ಅಟೆಂಡರ್. ಮೇಷ್ಟ್ರುಗಳೂ ಅವರಿಗೆ ಸ್ವಲ್ಪ ಹೆದರುತ್ತಿದ್ದರು.

ಯಾವುದೋ ಕಾಲದಲ್ಲಿ ಕೊಚ್ಚಿಯ ಬಂದರಿನಿಂದ ತಂದ ಮೊಳದುದ್ದದ ಮರಿ ಅದು. ಮೈಮೇಲೆಲ್ಲ ಗುಲಾಬಿ ಗಿಡದಂತೆ ಮುಳ್ಳು. ಬೆನ್ನಿನ ಎರಡು ಪುಟ್ಟ ಈಜುರೆಕ್ಕೆಗಳು ಬಾಲದ ಹತ್ತಿರ. ಬೆಳಕು ತಲುಪದ ಆಳದಲ್ಲಿ, ಸಮುದ್ರದ ತಳಕ್ಕೆ ಅಂಟಿಕೊಂಡೇ ನಿಧಾನವಾಗಿ ಓಡಾಡಿ, ಏಡಿಯೋ ಸಣ್ಣ ಮೀನೋ ತಿಂದು ಬದುಕುವ ಜೀವ. ವಿದ್ಯಾರ್ಥಿನಿಯಾಗಿದ್ದ ನಾನು ಫೋಟೋಗೆಂದು ಜಾಡಿಯನ್ನು ಕಿಟಕಿಯತ್ತ ಎಳೆಯಹೋದಾಗ ಅವರು ಕೈ ಅಡ್ಡ ಹಿಡಿದರು.

"ಬ್ಯಾಡಮ್ಮ. ಇದು ಬಿಸಿಲು ಕಂಡಿದ್ದೇ ಬಲೆಗೆ ಬಿದ್ದ ದಿನ. ಇನ್ನೊಂದ್ಸಲ ತೋರಿಸ್ಬೇಡ."

ಕಣ್ಣಿನ ಆಪರೇಷನ್ನಿಗೆಂದು ಅವರು ತಿಂಗಳು ರಜೆ ಹಾಕಿದಾಗ ಲ್ಯಾಬಿನ ಬೀಗದ ಕೈ ನನಗೆ ಕೊಟ್ಟರು. ನಾನು ಮೊದಲು ಮಾಡಿದ್ದೇ ಜಾಡಿಯನ್ನು ಕಿಟಕಿಗೆ ಎಳೆದದ್ದು. ಅದು ವಾಲಿತು, ಮುಚ್ಚಳ ಕಳಚಿತು, ಅರ್ಧ ಫಾರ್ಮಲಿನ್ ಚೆಲ್ಲಿಹೋಯಿತು. ಕಣ್ಣುರಿಯಲ್ಲಿ, ಗಾಬರಿಯಲ್ಲಿ ನೆಲ ಒರೆಸಿ, ಪಟ್ಟಿಯವರೆಗೆ ಕೊಳಾಯಿ ನೀರು ತುಂಬಿಸಿ, ಮೇಣ ಕರಗಿಸಿ ಮುಚ್ಚಿದೆ. ನೀರೂ ಫಾರ್ಮಲಿನ್ನೂ ನೋಡಲು ಒಂದೇ ಥರ ಇದ್ದವು.

ಅವರು ಮರಳುವಷ್ಟರಲ್ಲಿ ದ್ರವ ಕದಡಿತ್ತು. ಶಾರ್ಕಿನ ಹೊಟ್ಟೆ ಜೋತುಬಿದ್ದಿತ್ತು. ವಿಭಾಗದ ಮುಖ್ಯಸ್ಥರು ಎಲ್ಲರೆದುರು ರೇಗಿದರು. ಮುನಿಯಪ್ಪನವರು ತಲೆ ತಗ್ಗಿಸಿ, "ಹೋಗೋ ಮುಂಚೆ ನಾನೇ ನೀರು ಜಾಸ್ತಿ ಕಲಸಿರ್ಬೇಕು ಸಾರ್, ಕಣ್ಣು ಕಾಣ್ತಿರ್ಲಿಲ್ಲ" ಅಂದರು. ನಾನು ಅಲ್ಲೇ ಇದ್ದೆ.

ಹೊಸ ಫಾರ್ಮಲಿನ್ ಹಾಕಿ ಶಾರ್ಕನ್ನು ಉಳಿಸಿದರು. ಆದರೆ ಅಂದಿನಿಂದ ಅವರು ದ್ರವದ ಮಟ್ಟವನ್ನು ಮೂರು ಮೂರು ಸಲ ನೋಡತೊಡಗಿದರು. ಹೋಗುತ್ತಿದ್ದವರು ತಿರುಗಿ ಬಂದು ಬಗ್ಗುವರು. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿಬಿಟ್ಟೆನಲ್ಲ ಎಂಬ ಚಿಂತೆ, ಅದೇ ಕಾಲೇಜಿನಲ್ಲಿ ಮೇಡಂ ಆದ ಮೇಲೂ ನನ್ನನ್ನು ಬಿಡಲಿಲ್ಲ. ತಮ್ಮ ನಿವೃತ್ತಿಯ ದಿನ ಅವರು ಬೀಗದ ಕೈಯನ್ನು ಮತ್ತೆ ನನಗೇ ಕೊಟ್ಟರು. ಆಗಲೂ ಹೇಳಲಾಗಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಚಾಮರಾಜಪೇಟೆಯ ಮನೆಗೆ ಓಡಿದೆ. ಕೂರುವ ಮೊದಲೇ ಹೇಳಿಬಿಟ್ಟೆ.

"ಮುನಿಯಪ್ಪನೋರೆ, ಅವತ್ತು ಜಾಡಿಗೆ ನೀರು ಹಾಕಿದ್ದು ನಾನು."

"ಗೊತ್ತಿತ್ತು ಮೇಡಂ. ಕಿಟಕಿ ಕೆಳಗೆ ಮೇಣದ ಚೂರು ಬಿದ್ದಿತ್ತಲ್ಲ."

"ಮತ್ತೆ ಮೂರು ಮೂರು ಸಲ ನೋಡ್ತಿದ್ರಲ್ಲ?"

"ನೀವಿದ್ದಾಗ ಮಾತ್ರ." ಸಣ್ಣಗೆ ನಕ್ಕರು. "ಈಗ ಹೇಳ್ತೀರಾ, ಆಗ ಹೇಳ್ತೀರಾ ಅಂತ ಕಾದೆ."

ಮರುವಾರ ಅವರು ತೀರಿಕೊಂಡರು. ಈಗ ದಿನಾ ಬೆಳಿಗ್ಗೆ ಮುಚ್ಚಳ ಮೂಸುವವಳು ನಾನು. ಬಾಗಿಲವರೆಗೆ ಹೋಗಿ ತಿರುಗಿ ಬರುತ್ತೇನೆ, ಬಗ್ಗಿ ಮೂರು ಸಲ ಮಟ್ಟ ನೋಡುತ್ತೇನೆ. ಲ್ಯಾಬಿನಲ್ಲಿ ಆಗ ಯಾರೂ ಇರುವುದಿಲ್ಲ.