ಅಕ್ಕನ ಸ್ಪ್ಯಾನಿಷ್ ಡಬ್ಬಿಗಳು

ಇವತ್ತು ಆಫೀಸಿನಿಂದ ಸುಸ್ತಾಗಿ ಬರುವಾಗ ಅಂಗಡಿಯಲ್ಲಿ ಒಂದು ಅಕ್ಕಿ ಪೊಟ್ಟಣದ ಮೇಲೆ ಸ್ಪ್ಯಾನಿಷ್‌ನಲ್ಲಿ 'ಅರ್ರೋಸ್' ಅಂತ ಬರೆದದ್ದು ಕಂಡಿತು. ಚಿಕ್ಕಂದಿನಲ್ಲಿ ನಾವಿದ್ದ ಕೋಲ್ಕತ್ತದ ಜಾದವ್‌ಪುರದ ಅಡುಗೆಮನೆ ನೆನಪಾಯಿತು.

ಆಗ ಅಲ್ಲಿ ಎಲ್ಲಿ ನೋಡಿದರೂ ಹೊಸ ಐಟಿ ಕಂಪನಿಗಳು. ಸ್ಪ್ಯಾನಿಷ್ ಬಂದರೆ ಕೆಲಸ ಖಾಯಂ ಅಂತ ಅಕ್ಕನಿಗೆ ಹೇಳಿದ್ದರು. ರಾತ್ರಿಪಾಳಿ ಮುಗಿಸಿ ಬಂದವಳು ಮಲಗುತ್ತಲೇ ಇರಲಿಲ್ಲ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಳು. ಸಾಲ್ಟ್ ಅಂದರೆ 'ಸಾಲ್', ಶುಗರ್ ಅಂದರೆ 'ಅಸೂಕರ್' ಎನ್ನುತ್ತಾ, ಕೆಂಪು ಕಣ್ಣು ಉಜ್ಜಿಕೊಂಡು ಒಂದೊಂದೇ ಪದ ಬಾಯಿಪಾಠ ಮಾಡುತ್ತಿದ್ದಳು.

ಸರಸ್ವತಿ ಪೂಜೆ ಬಂತು. ಬಂಗಾಳದಲ್ಲಿ ಆ ದಿನ ಪುಸ್ತಕಗಳೆಲ್ಲ ದೇವಿಯ ಮುಂದೆ, ಯಾರೂ ಓದುವಂತಿಲ್ಲ. ಅಕ್ಕ ಪುಸ್ತಕ ಒಪ್ಪಿಸಿ, ಚೀಟಿಗಳನ್ನಾದರೂ ಓದೋಣವೆಂದು ಸೀದಾ ಅಡುಗೆಮನೆಗೆ ಹೋದಳು. ನೋಡಿದರೆ ಕಪಾಟು ಖಾಲಿ. ಡಬ್ಬಿಗಳೆಲ್ಲ ಹಳದಿ ಹೂ ಮುಡಿದು ದೇವಿಯ ಮುಂದೆ ಕೂತಿದ್ದವು.

"ಅಮ್ಮಾ, ನಾಳೆ ಸ್ಪ್ಯಾನಿಷ್ ಪರೀಕ್ಷೆ ಉಂಟು!"

"ಅಕ್ಷರ ಇರುವುದನ್ನೆಲ್ಲ ಇವತ್ತು ದೇವರ ಮುಂದೆ ಇಡಬೇಕಲ್ವಾ? ಹೋಗಿ ಮಲಗು ಮಾರಾಯ್ತಿ."

ಅಕ್ಕ ಸಂಜೆವರೆಗೂ ಮಲಗಿದಳು. ಅಮ್ಮ ಒಲೆ ಹಚ್ಚಲಿಲ್ಲ. ನಾವೆಲ್ಲ ಬಾಳೆಹಣ್ಣು ತಿಂದು, ಸದ್ದು ಮಾಡದೆ ಓಡಾಡಿಕೊಂಡಿದ್ದೆವು.

ಈಗ ಮನೆಯಲ್ಲೂ ಆಫೀಸಿನ ಲ್ಯಾಪ್‌ಟಾಪ್ ಮತ್ತೆ ಟಿಂಗ್ ಎನ್ನುತ್ತಿದೆ. ಇದನ್ನೆತ್ತಿ ದೇವರ ಮುಂದೆ ಇಡಲು ಅಮ್ಮ ಇಲ್ಲ.