ದಾರವಿಲ್ಲದೆ ಓಡಿದ ಮಷಿನ್ನು

ನಮ್ಮ ಓಣಿಯಲ್ಲಿ ಬೆಳಗಿನ ಹೊತ್ತು ಯಾರಾದರೂ ಕಸಕ್ಕೆ ಕಡ್ಡಿ ಗೀರಿದರೆ ನಾನು ಎದ್ದು ಕಿಟಕಿ ಮುಚ್ಚಿಬಿಡುತ್ತೇನೆ. ಎಲೆ ಸುಟ್ಟ ವಾಸನೆಯನ್ನಾದರೂ ತಡೆದುಕೊಂಡೇನು. ಕಾಗದ ಸುಟ್ಟದ್ದು ಮೂಗಿಗೆ ಬಡಿದರೆ ಕೈಯಲ್ಲಿನ ಚಹಾ ಸೇರುವುದಿಲ್ಲ. ಮನೆಯವರು ಇದನ್ನು ನಿವೃತ್ತ ಕನ್ನಡ ಪ್ರಾಧ್ಯಾಪಕಿಯ ಹುಚ್ಚುಗಳಲ್ಲಿ ಒಂದೆಂದು ಸುಮ್ಮನಾಗಿದ್ದಾರೆ. ಹುಚ್ಚುಗಳೇನೋ ಸಾಕಷ್ಟಿವೆ, ಆದರೆ ಇದಕ್ಕೆ ಕಾರಣವಿದೆ. ತಿಕೋಟಾದ ಒಂದು ಮನೆಯಂಗಳದಲ್ಲಿ ಸಿನಿಮಾಕ್ಕೆಂದು ಹಚ್ಚಿದ ಬೆಂಕಿಯ ಮುಂದೆ ನಾನು ನಿಂತಿದ್ದೆ.

ಸಿನಿಮಾ ಜೈನಾಬಿ ಅಕ್ಕೋರ ಬದುಕಿನದು. ತಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ನಮ್ಮ ಸೀಮೆಯಲ್ಲಿ ಕತೆ ಬರೆದು, ತನ್ನದೇ ಹೆಸರು ಹಾಕಿ ಅಚ್ಚು ಮಾಡಿಸಿದ ಮೊದಲ ಹೆಣ್ಣುಮಗಳು. ಆಗ ನಮಗೆ ಅದರ ಬೆಲೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಅವರ ಗಂಡ ಹುಸೇನಸಾಬರು ಊರಿನ ಹುಡುಗಿಯರಿಗೆಲ್ಲ ಲಂಗ ಹೊಲಿಯುತ್ತಾರೆ, ಹೊಲಿದ ಲಂಗ ಎರಡು ಬೆರಳು ಉದ್ದವೇ ಇರುತ್ತದೆ ಎಂಬುದು. ‘ಬೆಳೆಯೂ ಹುಡುಗಿ, ಇರ್ಲಿ’ ಎನ್ನುವರು.

ಒಂದು ಮಧ್ಯಾಹ್ನ ನಾನು ಲಂಗ ಇಸಿದುಕೊಳ್ಳಲು ಅವರ ಮನೆಗೆ ಹೋದೆ. ಹೊರಗೆ ಕಟ್ಟೆಯ ಮೇಲೆ ಹುಸೇನಸಾಬರ ತಾಯಿ ತಸಬಿಯ ಮಣಿ ಎಣಿಸುತ್ತ ಕೂತಿದ್ದರು. ಒಳಗಿನ ಕೋಣೆಯಲ್ಲಿ ಮಷಿನ್ನು ಗಡಗಡ ಓಡುತ್ತಿತ್ತು. ಇಣುಕಿದರೆ, ಸೂಜಿಯ ಕೆಳಗೆ ಅರಿವೆಯೇ ಇಲ್ಲ. ಸೂಜಿಗೆ ದಾರವೂ ಇಲ್ಲ. ಹುಸೇನಸಾಬರು ಬರಿಗಾಲಲ್ಲಿ ಪೆಡಲು ತುಳಿಯುತ್ತ ಗೋಡೆ ನೋಡುತ್ತಿದ್ದಾರೆ. ಅವರ ಪಕ್ಕ ನೆಲದ ಮೇಲೆ ಅಕ್ಕೋರು ಮೊಣಕಾಲಿಗೆ ಹಲಗೆ ಆನಿಸಿಕೊಂಡು ಏನೋ ಬರೆಯುತ್ತಿದ್ದಾರೆ.

ನನ್ನನ್ನು ಕಂಡು ಹುಸೇನಸಾಬರು, “ಎಣ್ಣಿ ಹಾಕೀನಿ ಬೇ, ಓಡಿಸಿ ನೋಡಾಕತ್ತೇನಿ,” ಎಂದರು.

ನಾನು ಮನೆಗೆ ಬಂದು, ಹುಸೇನಸಾಬರಿಗೆ ತಲೆ ಕೆಟ್ಟಿದೆ ಎಂದು ಸಾರಿದೆ. ಅವ್ವ ನಕ್ಕು ಬಿಡಿಸಿ ಹೇಳಿದಳು. ಸಾಲಿ ಕಲಿಸುವುದಕ್ಕೆ ಅತ್ತೆಯ ಒಪ್ಪಿಗೆ ಇತ್ತು. ಮನೆಯಲ್ಲಿ ಕೂತು ಕತೆ ಬರೆಯುವುದಕ್ಕೆ ಇರಲಿಲ್ಲ. ಮಷಿನ್ನಿನ ಸಪ್ಪಳ ಕೇಳುವವರೆಗೆ ಮುದುಕಿ, ಸೊಸೆ ಗಂಡನ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಾಳೆ ಎಂದುಕೊಳ್ಳುವರು. ಅಕ್ಕೋರ ಕತೆಗಳೆಲ್ಲ ಹುಟ್ಟಿದ್ದು ಆ ಗಂಡಸಿನ ಕಾಲ ಬಲದ ಮೇಲೆ. ತಾಯಿಯನ್ನು ಎದುರಿಸುವ ಧೈರ್ಯ ಅವರಿಗಿರಲಿಲ್ಲ. ಇದ್ದದ್ದು ಕಾಲು, ಅದನ್ನು ಕೊಟ್ಟರು.

ಹುಸೇನಸಾಬರು ತೀರಿಕೊಂಡ ಮೇಲೆ ಅಕ್ಕೋರು ಬರೆಯಲಿಲ್ಲ. ನಾನು ವಿಜಯಪುರದ ಕಾಲೇಜಿನಲ್ಲಿ ಕಲಿಸಲು ಸೇರಿದ ಹೊಸತರಲ್ಲಿ ಬಹಳ ತಿಳಿದವಳ ಹಾಗೆ, “ಬರೀರಿ ಅಕ್ಕೋರ, ದುಃಖ ಹಗುರ ಆಕ್ಕೈತಿ,” ಎಂದಿದ್ದೆ. ಅವರು, “ಮನಿ ಭಾಳ ಸುಮ್ಮಗಾಗೈತಿ ಬೇ. ಇಷ್ಟು ಸುಮ್ಮಗಿದ್ರ ನನಗ ಬರಿಯಾಕ ಬರೂದಿಲ್ಲ,” ಎಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಸಿನಿಮಾ ಮಾಡುವವರು ಬೆಂಗಳೂರಿನಿಂದ ಬಂದಾಗ ಅಕ್ಕೋರು ಬಬಲೇಶ್ವರದಲ್ಲಿ ಮಗಳು ಶಮಶಾದಳ ಮನೆಯಲ್ಲಿದ್ದರು. ಅವರ ನೆನಪು ಅಲ್ಲಲ್ಲಿ ಹರಿದುಹೋಗತೊಡಗಿತ್ತು. ಆದರೂ ಮಷಿನ್ನಿನ ಸಂಗತಿಯನ್ನು ನಿರ್ದೇಶಕನ ಎದುರು ಪೂರ್ತಿ ಹೇಳಿದರು, ನಡುನಡುವೆ ನಕ್ಕರು. ಆತ ಕೆಟ್ಟವನಲ್ಲ. ಅಕ್ಕೋರ ಪುಸ್ತಕವನ್ನು ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಓದಿಕೊಂಡು ಬಂದಿದ್ದ. ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಿದ್ದಿಕೊಡಿ ಎಂದು ನನ್ನನ್ನು ಕೇಳಿಕೊಂಡ. ನನಗೂ ಹಿಗ್ಗು, ಹೊಸ ಸೀರೆ ಉಟ್ಟುಕೊಂಡು ಚಿತ್ರೀಕರಣಕ್ಕೆ ಹೋಗುತ್ತಿದ್ದೆ.

ಹೆಂಡತಿಯ ಕತೆಗಳನ್ನು ಗಂಡನೇ ಅಂಗಳದಲ್ಲಿ ಸುಡುವ ದೃಶ್ಯ ನನ್ನ ಕೈಗೆ ಬಂದದ್ದು ಹಾಗೆ. ನಾನು ಅದನ್ನು ತಿದ್ದದೆ ಹಿಂದಕ್ಕೆ ಕೊಟ್ಟೆ. ನಡೆಯದ್ದನ್ನು ತೋರಿಸಬೇಡಿ ಎಂದೆ.

“ಮೇಡಂ, ಅವರು ಯಾಕೆ ಬರೆಯೋದು ಬಿಟ್ರು ಅಂತ ಜನ ಕೇಳ್ತಾರೆ,” ಎಂದ ನಿರ್ದೇಶಕ. “ಮನೆ ಸುಮ್ಮನಾಯ್ತು ಅಂದ್ರೆ ಯಾರಿಗೆ ಅರ್ಥವಾಗುತ್ತೆ? ಬೆಂಕಿ ಎಲ್ಲರಿಗೂ ಅರ್ಥವಾಗುತ್ತೆ.”

“ಹಿಂದೂ ಮನೆಯ ಗಂಡನಾಗಿದ್ದರೂ ಸುಡಿಸುತ್ತಿದ್ದಿರಾ?” ಎಂದು ಕೇಳಿದೆ. ಆತ ಬಹಳ ನೊಂದುಕೊಂಡ. ತಾನು ಅಂಥವನಲ್ಲ ಎಂದ. ಇರಲಿಕ್ಕಿಲ್ಲ. ಆದರೆ ಬೆಂಕಿ ಮಾತ್ರ ಹತ್ತಿತು.

ಆ ದಿನ ಶಮಶಾದ ಬಬಲೇಶ್ವರದಿಂದ ಜೀಪು ಹಿಡಿದು ಬಂದಿದ್ದಳು. ನೆರೆದ ಜನರ ನಡುವಿನಿಂದ ಮುಂದೆ ಹೋಗಿ ಮೆಲ್ಲಗೆ, “ನಮ್ಮ ಅಬ್ಬಾ ಹಿಂಗ ಮಾಡಿಲ್ರಿ,” ಎಂದಳು.

“ಇವರು ನಿಮ್ಮ ಅಬ್ಬಾ ಅಲ್ಲಮ್ಮಾ, ಒಂದು ಪಾತ್ರ,” ಎಂದ ನಿರ್ದೇಶಕ.

“ಹೆಸರು ಅವರದ ಇಟ್ಟೀರಲ್ರಿ.”

ಆತ ಕ್ಯಾಮೆರಾದ ಕಡೆ ತಿರುಗಿದ. ಬೆಳಕು ಇಳಿಯುತ್ತಿದೆ ಎಂದು ಯಾರನ್ನೋ ಅವಸರಪಡಿಸಿದ. ನಾನು ಅಂದಿನಿಂದ ಹೋಗುವುದನ್ನು ಬಿಟ್ಟೆ. ಬಿಟ್ಟದ್ದರಿಂದ ಏನೂ ನಿಲ್ಲಲಿಲ್ಲ.

ವಿಜಯಪುರದಲ್ಲಿ ಮೊದಲ ಪ್ರದರ್ಶನವಾದಾಗ ಅಕ್ಕೋರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಬೆಂಕಿಯ ದೃಶ್ಯಕ್ಕೆ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಅಕ್ಕೋರು ನನ್ನ ಕಡೆ ತಿರುಗಿ, “ಯಾರು ಬೇ ಈ ಗಂಡಸು?” ಎಂದರು. ನನಗೆ ಸಮಾಧಾನವಾಯಿತು. ಗುರುತು ಹತ್ತಲಿಲ್ಲವಲ್ಲ, ಅಷ್ಟೇ ಸಾಕು ಎಂದುಕೊಂಡೆ.

ಆದರೆ ಸಿನಿಮಾ ಫೋನಿಗೆ ಬಂತು. ತೆರೆಯ ಮೇಲಿನ ಆ ಎಳೆಯ ಹುಡುಗಿ ತಾನೇ ಎಂಬುದು ಅಕ್ಕೋರಿಗೆ ಬಹಳ ಹಿಡಿಸಿತು. ದಿನಾ ಮಧ್ಯಾಹ್ನ ಮೊಮ್ಮಕ್ಕಳ ಹತ್ತಿರ ಹಚ್ಚಿಸಿಕೊಂಡು ನೋಡುವರು. ಬೇಡವೆಂದರೆ ಊಟ ಬಿಡುವರು. ಅವರ ಹಳೆಯ ನೆನಪುಗಳು ಒಂದೊಂದಾಗಿ ಹೋಗುತ್ತಿದ್ದವು. ಖಾಲಿ ಬಿದ್ದ ಜಾಗಕ್ಕೆ ಫೋನಿನದು ಬಂದು ಕೂತಿತು. ಒಂದು ದಿನ ನಾನು ಹೋದಾಗ ನನ್ನ ಕೈ ಹಿಡಿದು ಅಳುತ್ತ, “ಅಂವಾ ನನ್ನ ಕತಿ ಎಲ್ಲಾ ಸುಟ್ಟ ಬೇ. ಮನಸ್ಸರ ಹೆಂಗ ಬಂತು ಅವಗ,” ಎಂದರು. ತಿಕೋಟಾದಿಂದ ತಂದು ಕೋಣೆಯ ಮೂಲೆಯಲ್ಲಿಟ್ಟಿದ್ದ ಹುಸೇನಸಾಬರ ಮಷಿನ್ನನ್ನು ಶಮಶಾದ ಅಟ್ಟಕ್ಕೆ ಏರಿಸಿದ್ದಳು. ಅದನ್ನು ಕಂಡರೆ ಸಾಕು, ಅಕ್ಕೋರು ಗಂಡನನ್ನು ಬೈಯಲು ಸುರು ಮಾಡುತ್ತಿದ್ದರಂತೆ.

ನಾನು ಎದುರು ಕೂತು ನಡೆದದ್ದನ್ನು ಹೇಳಿದೆ. ಕಟ್ಟೆಯ ಮೇಲಿನ ಅತ್ತೆ, ದಾರವಿಲ್ಲದ ಸೂಜಿ, ಬರಿಗಾಲು, ಮೊಣಕಾಲ ಮೇಲಿನ ಹಲಗೆ. ಅಕ್ಕೋರು ಅಳು ನಿಲ್ಲಿಸಿ, ತಲೆಯನ್ನು ತುಸು ವಾಲಿಸಿಕೊಂಡು ಕೇಳಿದರು. ತರಗತಿಯಲ್ಲಿ ನಮ್ಮ ಓದು ಕೇಳುತ್ತಿದ್ದ ಹಾಗೆಯೇ. ಮುಗಿದ ಮೇಲೆ, “ಚಲೋ ಐತಿ ಕತಿ,” ಎಂದರು. “ಯಾರು ಬರದಾರ ಇದನ್ನ?”

ಅಲ್ಲಿಂದ ವಾರವಾರ ಬಬಲೇಶ್ವರದ ಬಸ್ಸು ಹತ್ತಿದೆ. ಪ್ರತಿ ಸಲವೂ ಹೇಳಿದೆ, ಪ್ರತಿ ಸಲವೂ ಅವರು ಹೊಸದಾಗಿ ಕೇಳಿದರು. ಒಮ್ಮೆ, “ಹೆಣತಿ ಪಾತ್ರ ಖರೆ ಐತಿ. ಗಂಡನ್ನ ಮಾತ್ರ ಭಾಳ ಒಳ್ಳೆಯಾಂವ ಮಾಡ್ಯಾರ,” ಎಂದರು.

ಹೋದ ವಾರ ಶಮಶಾದ ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಸಂತೆಯ ದಿನ, ಗದ್ದಲ. ಬಸ್ಸು ಬರುವುದು ಕಂಡ ಮೇಲೆ ಹೇಳಿದಳು: “ಅಕ್ಕಾ, ಇನ್ನ ಹೇಳಬ್ಯಾಡ್ರಿ ಅದನ್ನ. ಅವ್ವಗ ಹೆಂಗೂ ನೆನಪು ಹತ್ತೂದಿಲ್ಲ. ನಾ ಹುಟ್ಟಿದ್ದು ಅಜ್ಜಿ ತೀರಿಕೊಂಡ ಮ್ಯಾಲ, ಅಬ್ಬಾ ಮಷಿನ್ನ ಖಾಲಿ ತುಳಿದದ್ದು ನಾ ಕಣ್ಣಾರೆ ಕಂಡಿಲ್ಲ. ನಿಮ್ಮ ಬಾಯಿಲೆ ಕೇಳಿ ಕೇಳಿ ನನಗೂ ಅದು ಕತಿನ ಅನ್ನಸಾಕತ್ತೈತಿ.”

ನಾನು ಬಸ್ಸು ಹತ್ತಿ ಕೂತೆ. ದಾರಿಯುದ್ದಕ್ಕೂ ಹುಸೇನಸಾಬರ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಬಂದದ್ದು ಸಿನಿಮಾದಲ್ಲಿ ಅವರ ಪಾತ್ರ ಮಾಡಿದವನ ಮುಖ.

ಇಂದು ಬಬಲೇಶ್ವರಕ್ಕೆ ಹೋಗುವ ದಿನ. ಹೋಗಿಲ್ಲ.