ಒಗೆಯುವ ಡಬ್ಬಿ

ವಿರೂಪಾಪುರಗಡ್ಡೆಯ ಗದ್ದೆ ಬದುವಿನಲ್ಲಿ ಕಾಲು ಜಾರಿ ನನ್ನ ಫೋನು ನೀರಿಗೆ ಬಿದ್ದಿತ್ತು. ಭಾಗ್ಯನಗರದಲ್ಲಿ ಮೊಬೈಲ್ ರಿಪೇರಿ ಮಾಡುವ ನೀಲವ್ವ ಅದನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಬ್ರಶ್ಶಿನಿಂದ ತೊಳೆಯತೊಡಗಿದರು. ಕೆಟ್ಟ ಚಾರ್ಜಿಂಗ್ ಪಿನ್ನಿಗೆ ಬದಲಿಯನ್ನು ಅಂಗಡಿ ಮುಂದಿನ ಕೆಂಪು ಡಬ್ಬಿಯಲ್ಲಿದ್ದ ಹಳೆಯ ಫೋನೊಂದರಿಂದಲೇ ತೆಗೆದರು. ಡಬ್ಬಿಯ ಮೇಲೆ ‘ಹಾಳಾದ ಮೊಬೈಲ್ ಇಲ್ಲಿ ಒಗೆಯಿರಿ’ ಎಂದು ಬರೆದಿತ್ತು.

ಅಷ್ಟರಲ್ಲಿ ಡಬ್ಬಿ ಇಡಿಸಿದ ಪಟ್ಟಣ ಪಂಚಾಯಿತಿ ಸಾಹೇಬರು ಬಂದರು.

“ಅದರಾಗಿಂದ ತಗೀಬಾರದವ್ವ. ಏನ್ ಬರದೈತಿ, ಓದಿಲ್ಲೇನು?”

“ಓದೀನ್ರಿ. ಒಗೀರಿ ಅಂತ ಬರದೀರಿ, ಒಗಿಯಾಕತ್ತೀನಿ.” ನೀಲವ್ವ ಬ್ರಶ್ಶು ಎತ್ತಿ ತೋರಿಸಿದರು.

ನನಗೆ ನಗು ಬಂತು. ಈ ಕಡೆ ಬಟ್ಟೆಯನ್ನೂ ಒಗೆಯುತ್ತಾರೆ, ಕಸವನ್ನೂ ಒಗೆಯುತ್ತಾರೆ; ತೊಳೆಯಲಿಕ್ಕೂ ಎಸೆಯಲಿಕ್ಕೂ ಮಾತು ಒಂದೇ. ಸಾಹೇಬರು ನಗಲಿಲ್ಲ.

“ಇದು ಕಸ. ಫ್ಯಾಕ್ಟರಿಗೆ ಹೋಗಬೇಕು. ಇನ್ನೊಮ್ಮೆ ಮುಟ್ಟಿದ್ರ ಅಂಗಡಿ ಬಂದ್ ಮಾಡಿಸ್ತೀನಿ.”

ನೀಲವ್ವ ಪಿನ್ನಿಗೆ ಬೆಸುಗೆ ಹಾಕಿ, ಫೋನು ಮುಚ್ಚಿ, ಚಾಲೂ ಮಾಡಿದರು. ನನ್ನ ನಂಬರ್ ಕೇಳಿ ತಮ್ಮ ಫೋನಿನಿಂದ ಒತ್ತಿದರು. ಮೇಜಿನ ಮೇಲೆ ನನ್ನ ಫೋನು ರಿಂಗಾಗತೊಡಗಿತು. ಅದನ್ನು ಸಾಹೇಬರ ಮುಖದ ಮುಂದೆ ಹಿಡಿದರು.

“ಕಸ ಕರಿಯಾಕತ್ತೈತಿ. ಮಾತಾಡ್ರಿ.”